ಮೂವತ್ತೊಂದನೆಯ ಪಾಠದ ಮೌನ

“ನನಗೆ ಇಲ್ಲಿ ನೋಯುತ್ತಿದೆ. ದಯವಿಟ್ಟು ಡಾಕ್ಟರನ್ನು ಕರೆಯಿರಿ!”

ಪರದೇಶದ ಭಾಷೆಯಲ್ಲಿ, ಒಂದು ಉಚ್ಚಾರವೂ ಕೆಡದಂತೆ ಅವಳು ಹೇಳಿದಳು. ಹೇಳಿ ಮುಗಿಸಿದ ಮೇಲೆ ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಮೇಜಿನ ಆಚೆ ಕೂತಿದ್ದ ಪರೀಕ್ಷಕಿ ಪೆನ್ನು ಕೆಳಗಿಟ್ಟರು. ಆ ಹೊತ್ತಿಗೆ ಅವರು ಪರೀಕ್ಷಕಿಯಾಗಿರಲಿಲ್ಲ, ಪರೀಕ್ಷೆಯ ನಾಟಕದಲ್ಲಿ ಮಂಚದಿಂದ ಬಿದ್ದ ಮುದುಕಿಯಾಗಿದ್ದರು. ಇವಳು ಮುದುಕಿಯನ್ನು ನೋಡಿಕೊಳ್ಳುವವಳು. ಮುದುಕಿ ಬಿದ್ದು ನರಳುತ್ತಿದ್ದರೆ, ನೋಡಿಕೊಳ್ಳುವವಳು ತನಗೇ ನೋಯುತ್ತಿದೆ ಎಂದಿದ್ದಳು!

ಸರಿಯಾದ ಮಾತಿಗಾಗಿ ತಲೆಯೊಳಗೆಲ್ಲ ತಡಕಾಡಿದಳು. ನಾಲಿಗೆಯ ತುದಿಗೆ ಬಂದದ್ದು ಒಂದೇ. ಅದನ್ನೂ ಹೇಳಿಬಿಟ್ಟಳು.

“ನನ್ನ ಪೆಟ್ಟಿಗೆ ಕಳೆದುಹೋಗಿದೆ.”

ಹೇಳುತ್ತಿರುವಾಗಲೇ ಮೂಲೆಯಲ್ಲಿ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತಿದ್ದ ಗಂಡಸು ಕಣ್ಣಿಗೆ ಬಿದ್ದ. ಕಿವಿಯ ಮೇಲೆ ದೊಡ್ಡ ಹೆಡ್‌ಫೋನು. ಅವನ ತುಟಿಗಳು ಅಲುಗುತ್ತಿದ್ದವು. ಅವಳಾಡಿದ ಮಾತನ್ನೇ, ಅವಳ ಜೊತೆಜೊತೆಗೇ, ಸದ್ದಿಲ್ಲದೆ...

ಅಣಕಿಸುತ್ತಿದ್ದಾನೆ!

ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ಪರೀಕ್ಷಕಿ ಕಾಗದದ ಮೇಲೆ ಏನೋ ಗೀಚಿ, “ಆಯ್ತಮ್ಮಾ, ಹೋಗಬಹುದು” ಎಂದರು. ಆ ‘ಅಮ್ಮಾ’ ಎಂಬುದರಲ್ಲಿಯೇ ಫಲಿತಾಂಶ ಇತ್ತು.

ಇದು ಎರಡನೇ ಸಲ. ಮೂರು ಸಲಕ್ಕಿಂತ ಹೆಚ್ಚು ಯಾರನ್ನೂ ಪರೀಕ್ಷೆಗೆ ಕೂರಿಸುವುದಿಲ್ಲ.

*

ಅವಳು ಒಂದು ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ. ವಯಸ್ಸು ಮೂವತ್ತೊಂದು. ಹಾಸಿಗೆ ಬಟ್ಟೆ ಬದಲಿಸುವಾಗ, ಬೆಡ್‌ಪ್ಯಾನು ತೊಳೆಯುವಾಗ, ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಆಡಿಯೋ ಪಾಠ ಕೇಳುತ್ತಿದ್ದಳು. ಒಟ್ಟು ಮೂವತ್ತು ಪಾಠ, ಎಂಟು ತಿಂಗಳು. ಧ್ವನಿ ಹೇಳಿದ್ದನ್ನು ತಿರುಗಿ ಹೇಳುತ್ತ ಓಡಾಡುತ್ತಿದ್ದುದಕ್ಕೆ ವಾರ್ಡಿನವರೆಲ್ಲ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು.

ಪಾಸಾದರೆ ಪರದೇಶದ ಒಂದು ವೃದ್ಧರ ಮನೆಯಲ್ಲಿ ಎರಡು ವರ್ಷದ ಕೆಲಸ. ಇರಲು ಕೋಣೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ.

ಗಿಣಿಗೆ ಬೇಕಾಗಿದ್ದುದು ಆ ಚಿಲಕ. ಮದುವೆ ಮುರಿದು ಅಕ್ಕನ ಮನೆಗೆ ಬಂದು ಆರು ವರ್ಷವಾಗಿತ್ತು. ಎರಡು ಕೋಣೆಯ ಮನೆ. ಹೊಲಿಗೆ ಯಂತ್ರದ ಮೇಜಿನ ಕೆಳಗೆ ಅವಳ ಹಾಸಿಗೆ ಸುತ್ತಿಟ್ಟಿರುತ್ತಿತ್ತು. ಬಟ್ಟೆ ಬದಲಿಸಬೇಕೆಂದರೂ ಭಾವ ಹೊರಗೆ ಹೋಗಲೆಂದು ಕಾಯಬೇಕು. ಭಾವ ಕೆಟ್ಟವನಲ್ಲ. ಅವನು ಪಾಪ ಇವಳಿಗಾಗಿಯೇ ದಿನಕ್ಕೆ ನಾಲ್ಕು ಸಲ ಅಂಗಡಿಗೆ ಹೋಗಿ ಬರುತ್ತಿದ್ದ. ಅದು ಇನ್ನೂ ಹಿಂಸೆ.

*

ಪರೀಕ್ಷಾ ಕೇಂದ್ರದ ಕಾರಿಡಾರಿನಲ್ಲಿ ರೆಕಾರ್ಡಿಂಗ್‌ನವನು ವಯರು ಸುತ್ತುತ್ತ ಹೊರಗೆ ಬಂದಾಗ ಅವಳು ಅಡ್ಡ ನಿಂತಳು.

“ಏನ್ರೀ, ಇನ್ನೊಬ್ಬರು ಮುಳುಗ್ತಿರೋವಾಗ ಅಣಕಿಸ್ತೀರಲ್ಲ, ಮನುಷ್ಯರೇನಾ ನೀವು?”

“ಅಣಕಿಸ್ಲಿಲ್ಲ...”

“ಕಣ್ಣಾರೆ ನೋಡಿದೀನಿ. ತುಟಿ ಅಲ್ಲಾಡಿಸ್ತಿದ್ರಿ!”

“ಅದು ನನ್ನ ಚಟ.” ಅವನು ವಯರನ್ನೇ ನೋಡುತ್ತ ಹೇಳಿದ. “ಹದಿನಾಲ್ಕನೇ ಪಾಠ, ಅಲ್ವಾ? ನೋವು, ಡಾಕ್ಟರು. ಆಮೇಲೆ ಹೇಳಿದ್ದು ಆರನೇದು.”

ಅವಳು ಅಡ್ಡ ನಿಂತಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ಆ ಪಾಠಗಳನ್ನ ಕತ್ತರಿಸಿ ಜೋಡಿಸಿದ್ದು ನಾನೇ. ಎಂಟು ವರ್ಷ ಆಯ್ತು. ಪ್ರವಾಸ ಹೋಗೋರಿಗೆ ಅಂತ ಮಾಡಿದ್ದು. ಅದರಲ್ಲಿ ಕಲಿಯೋರು ಯಾವಾಗ್ಲೂ ಕೇಳೋರು. ರೂಮು ಕೇಳೋರು, ದಾರಿ ಕೇಳೋರು, ಆಸ್ಪತ್ರೇಲಿ ಮಲಗಿರೋರು. ಉತ್ತರ ಕೊಡೋದು ಇನ್ನೊಂದು ಧ್ವನಿ. ಆ ಧ್ವನಿಯ ಮಾತನ್ನ ಕಲಿಯೋರು ತಿರುಗಿ ಹೇಳೋಕೆ ನಾನು ಗ್ಯಾಪೇ, ಖಾಲಿ ಜಾಗವೇ, ಬಿಟ್ಟಿಲ್ಲ.”

“ಹಾಗಂದ್ರೆ?”

“ನೀವು ಎಂಟು ತಿಂಗಳು ಕಲಿತಿರೋದು ರೋಗಿ ಮಾತು. ನಿಮಗೆ ಬೇಕಾಗಿರೋದು ರೋಗೀನ ನೋಡ್ಕೊಳ್ಳೋರ ಮಾತು.”

ಅವಳು ಗೋಡೆಗೆ ಒರಗಿದಳು. ‘ಎಂಟು ತಿಂಗಳು... ದೇವರೇ, ಎಂಟು ತಿಂಗಳು ನಾನು ಕಾಯಿಲೆ ಬೀಳೋದನ್ನ ಕಲಿತೆನಾ?’

“ಬೇಕಾದ್ರೆ ತಿರುಗಿಸಿ ಕೊಡ್ತೀನಿ,” ಅವನೆಂದ. “ಈ ಕಡೆ ಇರೋ ಗ್ಯಾಪನ್ನ ಆ ಕಡೆ ಹಾಕಿದ್ರೆ ಆಯ್ತು.”

“ನಿಮ್ಮ ಕರುಣೆ ನಂಗೆ ಬೇಡ.”

“ಕರುಣೆ ಅಲ್ಲ. ನನ್ನ ಕೆಲಸದಲ್ಲಾಗಿರೋ ತಪ್ಪು.” ಅವಳ ಪ್ರವೇಶಪತ್ರದ ಹಿಂದೆ ಒಂದು ವಿಳಾಸ ಬರೆದು, ಅವಳ ಮುಖ ನೋಡದೆ ಹೊರಟುಹೋದ.

*

“ಏನಾಯ್ತೇ?” ಬಾಗಿಲಲ್ಲೇ ಅಕ್ಕ ಕೇಳಿದಳು.

“ಪೆಟ್ಟಿಗೆ ಕಳೆದುಹೋಯ್ತು.”

“ಯಾವ ಪೆಟ್ಟಿಗೆ? ನಿಂಗೆಲ್ಲಿತ್ತು ಪೆಟ್ಟಿಗೆ?” ತಂಗಿಯ ಮುಖ ನೋಡಿ ಅಕ್ಕ ಅರ್ಥಮಾಡಿಕೊಂಡಳು. “ನಾನಾಗ್ಲೇ ಹೇಳ್ದೆ. ಕಿವಿಗೆ ಸಿಕ್ಕಿಸ್ಕೊಂಡು ಓಡಾಡಿದ್ರೆ ಭಾಷೆ ಬರುತ್ತೇನೇ? ಹಾಗಾಗೋದಾದ್ರೆ ದಿನಾ ರೇಡಿಯೋ ಕೇಳೋ ನಿನ್ನ ಭಾವ ಇಷ್ಟೊತ್ತಿಗೆ ಮಂತ್ರಿ ಆಗ್ಬೇಕಿತ್ತು.”

ಗಿಣಿ ನಗಲಿಲ್ಲ. ಮೇಜಿನ ಕೆಳಗೆ ಕಾಲು ಮಡಿಸಿ ಕೂತು, ಹದಿನಾಲ್ಕನೇ ಪಾಠ ಹಾಕಿದಳು. ಈ ಸಲ ಬಾಯಿ ತೆರೆಯದೆ ಸುಮ್ಮನೆ ಕೇಳಿದಳು. ಅವನು ಹೇಳಿದ್ದು ನಿಜವಾಗಿತ್ತು. ಎರಡನೇ ಧ್ವನಿಯೊಂದು ಅಷ್ಟೂ ದಿನ ಅಲ್ಲೇ ಇತ್ತು. ‘ಎಲ್ಲಿ ನೋಯುತ್ತಿದೆ? ಹೆದರಬೇಡಿ, ನಾನಿದ್ದೇನೆ’ ಎನ್ನುತ್ತಿತ್ತು. ತನ್ನ ಸರದಿ ಬರುವುದನ್ನೇ ಕಾಯುತ್ತಿದ್ದವಳು ಅದನ್ನೊಮ್ಮೆಯೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮುಂದಿನ ಗುರುವಾರ, ಅವಳ ವಾರದ ರಜೆ, ವಿಳಾಸ ಹುಡುಕಿಕೊಂಡು ಹೋದಳು.

*

ಟೈರಿನ ಅಂಗಡಿಯ ಮೇಲಿನ ಮಹಡಿ. ಗೋಡೆಗೆಲ್ಲ ಹಳೆಯ ರಜಾಯಿಗಳನ್ನು ಮೊಳೆ ಹೊಡೆದಿದ್ದ ಸಣ್ಣ ಸ್ಟುಡಿಯೋ. ಮುಂದಿನ ಕೋಣೆಯಲ್ಲಿದ್ದ ಮಾಲೀಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಕೂಗಿದ: “ಲೋ ಕತ್ತರಿ! ನಿನ್ನ ನೋಡೋಕೆ ಒಬ್ಬರು ಹೆಂಗಸರು ಬಂದಿದಾರೆ. ಕನಸಲ್ಲ, ನಿಜ!”

ರೆಕಾರ್ಡಿಂಗ್‌ನವನಿಗೆ ಅಲ್ಲಿ ಕತ್ತರಿ ಎಂದು ಹೆಸರು. ಬೆಳಗ್ಗೆ ಪರೀಕ್ಷಾ ಕೇಂದ್ರದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ, ಮಧ್ಯಾಹ್ನದಿಂದ ಇಲ್ಲಿ ಬೇರೆಯವರ ಕೆಮ್ಮು, ಉಸಿರು, ತೊದಲು ಕತ್ತರಿಸುತ್ತಿದ್ದ. ಸ್ವತಃ ಹೆಚ್ಚು ಮಾತಾಡುತ್ತಿರಲಿಲ್ಲ.

ಅವನು ಪರದೆಯ ಮೇಲೆ ಧ್ವನಿಯ ಗೆರೆಗಳನ್ನು ತೋರಿಸಿದ. ಉಬ್ಬಿದಲ್ಲೆಲ್ಲ ಮಾತು, ಚಪ್ಪಟೆಯಾದಲ್ಲಿ ಮೌನ. ರೋಗಿಯ ಮಾತಿಗೆ ಬಿಟ್ಟಿದ್ದ ಮೌನವನ್ನು ಅಳಿಸಿ ರೋಗಿಯ ಧ್ವನಿ ಕೂರಿಸಿದ. ದಾದಿಯ ಮಾತು ಮುಗಿದಲ್ಲಿ ತಿರುಗಿ ಹೇಳಲು ಜಾಗ ಬಿಟ್ಟ. ಬಿಡುವಾಗ ಅವನ ತುಟಿಗಳು ಮತ್ತೆ ಅಲುಗಿದವು.

“ಇದೇ ನೋಡಿ ಚಟ,” ನಾಚಿಕೊಂಡ. “ಕಲಿಯೋರಿಗೆ ಎಷ್ಟು ಹೊತ್ತು ಬೇಕು ಅಂತ ಮೊದಲು ನನ್ನ ಬಾಯಲ್ಲೇ ಅಳೀತೀನಿ. ಆಮೇಲೆ ಅಷ್ಟೇ ಗ್ಯಾಪ್ ಬಿಡ್ತೀನಿ.”

ಗಿಣಿ ಪರದೆಯ ಮೇಲಿನ ಚಪ್ಪಟೆ ಗೆರೆಯನ್ನೇ ನೋಡಿದಳು.

ಎಂಟು ತಿಂಗಳು ಅವಳು ಮಾತಾಡಿದ್ದು ಈ ಮನುಷ್ಯನ ಬಾಯಿಯ ಅಳತೆಯೊಳಗೆ! ಪಾಠದ ಧ್ವನಿಗಳು ಯಾರವೋ ಏನೋ. ಮೌನ ಮಾತ್ರ ಇವನದು. ಅವಳಿಗೆ ಯಾಕೋ ಎದುರಿಗೆ ಕೂತು ಅವನ ತುಟಿ ನೋಡಲು ಸಂಕೋಚವಾಯಿತು.

ಹಾಗೆ ಗುರುವಾರಗಳು ಶುರುವಾದವು. ಪ್ರತಿ ವಾರ ಎರಡೋ ಮೂರೋ ಪಾಠ ತಿರುಗಿಸಿ ಕೊಡುತ್ತಿದ್ದ. ಅವಳು ಅಲ್ಲೇ ಕೂತು ಹೇಳಿ ನೋಡುತ್ತಿದ್ದಳು. ನಡುನಡುವೆ ಹೊಲಿಗೆ ಮೇಜಿನ ಕೆಳಗಿನ ಹಾಸಿಗೆಯ ವಿಷಯ, ಚಿಲಕದ ಆಸೆ, ಎಲ್ಲ ಅವನಿಗೆ ಹೇಳಿಕೊಂಡಳು.

“ಇಲ್ಲಿ ಗ್ಯಾಪು ಜಾಸ್ತಿ ಆಯ್ತು,” ಒಮ್ಮೆ ಅಂದಳು.

“ಅಲ್ಲಿ ನೀವು ಉಸಿರು ತಗೋತೀರಿ.”

“ನಾನೆಲ್ಲಿ ಉಸಿರು ತಗೋತೀನಿ ಅನ್ನೋದೂ ಗೊತ್ತಾ ನಿಮಗೆ?”

ಅವನು ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸಿದ.

ಇನ್ನೊಂದು ಗುರುವಾರ ಅವಳು ನೇರವಾಗಿ ಕೇಳಿದಳು. “ನಿಜ ಹೇಳಿ. ಇದನ್ನ ಕೇಳಿ ಕೇಳಿ ಯಾರಿಗಾದ್ರೂ ಭಾಷೆ ಬಂದಿದೆಯಾ?”

“ಕಿವಿ ತೆರೆಯುತ್ತೆ. ನಾಲಿಗೆ ತಿರುಗುತ್ತೆ. ಅಷ್ಟು ಬರುತ್ತೆ.” ಸ್ವಲ್ಪ ಯೋಚಿಸಿದ. “ಆದ್ರೆ ನೀವು ಏನೇ ಅಂದ್ರೂ ಅದು ಮುಂದಿನ ಸಾಲಿಗೇ ಹೋಗುತ್ತೆ. ಬೈದು ನೋಡಿ, ‘ತುಂಬಾ ಚೆನ್ನಾಗಿ ಹೇಳಿದಿರಿ’ ಅನ್ನುತ್ತೆ.”

“ಮಾಡಿದೋರೇ ಹೀಗಂದ್ರೆ?”

“ಮಾಡಿದೋನಿಗೇ ತಾನೇ ಗೊತ್ತಿರೋದು? ನಂಗೂ ಆ ಮೂವತ್ತು ಪಾಠ ಬಾಯಿಪಾಠ. ಅದರ ಹೊರಗೆ ಒಂದು ವಾಕ್ಯ ಬರಲ್ಲ.”

ಇಬ್ಬರೂ ನಕ್ಕರು. ಆ ನಗು ನಿಂತ ಮೇಲೆ ಗಿಣಿಯ ಮನಸ್ಸು ಭಾರವಾಯಿತು. ಲೆಕ್ಕ ಸರಳವಾಗಿತ್ತು. ಪಾಸಾದರೆ ಪರದೇಶ. ಫೇಲಾದರೆ ಹೊಲಿಗೆ ಮೇಜಿನ ಕೆಳಗೆ. ಈ ಮನುಷ್ಯನಿಗೆ ಎರಡರಲ್ಲೂ ಜಾಗ ಇರಲಿಲ್ಲ.

*

ಇಪ್ಪತ್ನಾಲ್ಕು ಪಾಠಗಳಾದ ಮೇಲೆ ಕೆಲಸ ನಿಂತಿತು.

“ಕಂಪ್ಯೂಟರ್ ಕೆಟ್ಟಿದೆ,” ಒಂದು ಗುರುವಾರ ಕತ್ತರಿ ಹೇಳಿದ. “ಬರ್ತಾ ಇರಿ. ಹಳೇದನ್ನೇ ಅಭ್ಯಾಸ ಮಾಡೋಣ.” ಮುಂದಿನ ಗುರುವಾರವೂ ಅದೇ. ಅದರ ಮುಂದಿನದೂ ಅದೇ. ಉಳಿದದ್ದು ಆರು ಪಾಠ. ರೋಗಿ ಹಟ ಮಾಡುವುದು, ಅಳುವುದು, ಸಮಾಧಾನ ಹೇಳುವುದು, ಎಲ್ಲ ಆ ಆರರಲ್ಲೇ ಇತ್ತು.

ಪರೀಕ್ಷೆಗೆ ಒಂಬತ್ತು ದಿನ ಉಳಿದಾಗ ಅವಳಿಗೆ ತಡೆಯಲಾಗಲಿಲ್ಲ. ಗುರುವಾರವಲ್ಲದ ಒಂದು ದಿನ, ವಾರ್ಡಿನ ಪಾಳಿ ಮುಗಿಸಿ ಹಾಗೇ ಮಹಡಿ ಹತ್ತಿದಳು. ಮಾಲೀಕ ಇಬ್ಬರು ಗಿರಾಕಿಗಳ ಜೊತೆ ಹರಟುತ್ತಿದ್ದ. ಒಳಕೋಣೆಯಲ್ಲಿ ಕತ್ತರಿ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುತ್ತಿದ್ದ. ಕೆಟ್ಟ ಕಂಪ್ಯೂಟರು ಚೆನ್ನಾಗಿಯೇ ಓಡುತ್ತಿತ್ತು.

ಪರದೆಯ ಒಂದು ಬದಿಗೆ ಸಾಲಾಗಿ ಕಾಣುತ್ತಿತ್ತು: ಇಪ್ಪತ್ತೈದು, ಇಪ್ಪತ್ತಾರು... ಮೂವತ್ತು. ಮುಂದೆ ತಾರೀಖು. ಎಲ್ಲವೂ ಮೂರು ವಾರದ ಹಿಂದೆಯೇ ಮುಗಿದಿದ್ದವು.

ಅವನು ತಿರುಗಿ ನೋಡಿದ. ಅವನ ಮುಖ ಸಣ್ಣಗಾಯಿತು.

“ಇದೇನಿದು?” ಅವಳು ಪರದೆಯತ್ತ ಬೆರಳು ತೋರಿಸಿದಳು.

“ಕೊಟ್ಟುಬಿಟ್ರೆ... ಗುರುವಾರ ಮುಗಿದುಹೋಗುತ್ತೆ ಅಂತ...”

“ಅದಕ್ಕೆ?”

“ಅದಕ್ಕೆ ಕೊಡ್ಲಿಲ್ಲ.”

ಇದು ಪ್ರೇಮವೆಂದು ಅವಳಿಗೆ ಆ ಕ್ಷಣ ಅನಿಸಲಿಲ್ಲ. ಅನಿಸುವುದು ಹೇಗೆ? ಅವಳ ಕಣ್ಣ ಮುಂದೆ ಬಂದದ್ದು ಮೇಜಿನ ಕೆಳಗಿನ ಹಾಸಿಗೆ, ಚೀಲ ಹಿಡಿದು ಸುಮ್ಮನೆ ಅಂಗಡಿಗೆ ಹೊರಡುವ ಭಾವನ ಬೆನ್ನು. ಕೂಗಬೇಕೆನಿಸಿತು. ಪಕ್ಕದ ಕೋಣೆಯಲ್ಲಿ ಮೂವರು ಕಿವಿ ತೆರೆದು ಕೂತಿದ್ದರು. ಮಾನ ಅಡ್ಡಬಂತು. ಮಾನ ಅಡ್ಡಬಂದಾಗ ನಾಲಿಗೆ ತಾನೇ ಬೇರೆ ದಾರಿ ಹಿಡಿಯಿತು. ಅವಳು ಆ ಪರದೇಶದ ಭಾಷೆಯಲ್ಲಿ ಶುರುಮಾಡಿದಳು.

“ನೀನು ಸುಳ್ಳ! ನಾನು ಬಿದ್ದರೆ ನಿನಗೆ ಸಂತೋಷ. ನನ್ನ ಬಾಗಿಲು ನಿನ್ನ ಕೈಯಲ್ಲಿ ಇತ್ತು. ನೀನು ಮುಚ್ಚಿದೆ. ನಾಳೆ ನಾನು ಎಲ್ಲಿ ಮಲಗಬೇಕು? ಆರು ವರ್ಷ ನನಗೆ ಬಾಗಿಲು ಇಲ್ಲ. ನಿನಗೆ ಒಂದು ಗುರುವಾರ ಬೇಕು. ನನಗೆ ಎಲ್ಲ ದಿನ ಬೇಕು!”

ಕತ್ತರಿ ಎದ್ದು ನಿಂತ. ಅವನೂ ಆ ಭಾಷೆಯಲ್ಲೇ ಏನೋ ಹೇಳಲು ಹೋದ. ಬಂದದ್ದು ಮೂರನೇ ಪಾಠದ ಸಾಲು. “ನೀವು... ನಾಳೆ ಹೊರಡುತ್ತೀರಾ?”

“ಥೂ!” ಅಂದಳು. ಅದಕ್ಕೆ ಭಾಷೆ ಬೇಕಾಗಲಿಲ್ಲ.

ಅವನು ಆರೂ ಪಾಠಗಳನ್ನು ಅವಳ ಫೋನಿಗೆ ಹಾಕಿದ. ಅವಳು ಮೆಟ್ಟಿಲು ಇಳಿಯುವಾಗ ಮೇಲಿನಿಂದ ಹೇಳಿದ:

“ನೀವೀಗ ಬೈದಿರಲ್ಲ... ಅದು ಯಾವ ಪಾಠದಲ್ಲೂ ಇಲ್ಲ.”

ಅವಳು ನಿಲ್ಲಲಿಲ್ಲ. ಬೀದಿಯ ತುದಿ ಮುಟ್ಟಿದ ಮೇಲೆ ಅದರ ಅರ್ಥ ಹೊಳೆಯಿತು. ಕಾಲು ತಾನಾಗಿ ನಿಂತಿತು. ಬಾಗಿಲು ಒಂಬತ್ತನೇ ಪಾಠದ್ದು. ಸಂತೋಷ ಎರಡನೆಯದು. ಆದರೆ ಆ ಮಾತುಗಳನ್ನು ಹಾಗೆ ಜೋಡಿಸಿದವರು ಬೇರೆ ಯಾರೂ ಅಲ್ಲ. ಅವಳೇ.

ಅಳು ಬಂತು. ಯಾವುದಕ್ಕೆ ಎಂದು ಅವಳಿಗೇ ತಿಳಿಯಲಿಲ್ಲ.

*

ಒಂಬತ್ತು ದಿನ ಅವಳು ಆ ಕಡೆ ತಲೆಹಾಕಲಿಲ್ಲ. ಕೊನೆಯ ಗುರುವಾರ ಅಕ್ಕ ಕೇಳಿದಳು, “ಇವತ್ತು ಹೋಗಲ್ವಾ, ನಿನ್ನ ಕತ್ತರಿ ಹತ್ರ?”

“ನನ್ನ ಕತ್ತರಿ ಅಂತೆ! ಯಾರು ಹೇಳಿದ್ದು ನಿಂಗೆ?”

“ಯಾರೂ ಹೇಳ್ಬೇಕಾಗಿಲ್ಲ. ಗುರುವಾರ ಮಾತ್ರ ಕನ್ನಡಿ ಮುಂದೆ ನಿಲ್ತಿದ್ದೆ. ಇವತ್ತು ಇಡೀ ದಿನ ಹೊಲಿಗೆ ಮೆಷಿನ್ ಮುಖ ನೋಡ್ಕೊಂಡು ಕೂತಿದ್ದೀಯ.” ಅಕ್ಕ ದಾರ ಕಚ್ಚಿ ಹರಿದಳು. “ಪಾಸಾಗ್ಲಿ ಅಂತಾನೂ ಅನ್ಸುತ್ತೆ ಕಣೇ, ಫೇಲಾಗ್ಲಿ ಅಂತಾನೂ ಅನ್ಸುತ್ತೆ. ಬೈಕೋಬೇಡ.”

ಗಿಣಿ ಬೈದುಕೊಳ್ಳಲಿಲ್ಲ. ಅವಳಿಗೂ ಹಾಗೇ ಅನಿಸುತ್ತಿತ್ತು.

ಪರೀಕ್ಷೆಯ ಕೋಣೆಯಲ್ಲಿ ಈ ಸಲ ವಯಸ್ಸಾದ ಪರೀಕ್ಷಕರೊಬ್ಬರಿದ್ದರು. ಮೂಲೆಯಲ್ಲಿ ಅದೇ ಯಂತ್ರ, ಅದೇ ಹೆಡ್‌ಫೋನು, ಅದೇ ಮನುಷ್ಯ. ಅವಳು ಆ ಕಡೆ ನೋಡದೆ ಕೂತಳು.

ಪರೀಕ್ಷಕರು ಮುದುಕನಾದರು. ಪಾತ್ರವೆಂದು ಅನಿಸದಷ್ಟು ಒರಟಾಗಿ ಗದರಿದರು. “ಹೊರಗೆ ಹೋಗು! ನೀನು ಬೇಡ. ನನ್ನ ಮಗಳನ್ನು ಕರೆ.”

ಇಪ್ಪತ್ತೆಂಟನೇ ಪಾಠ ನೆನಪಿಗೆ ಬಂತು. “ದಯವಿಟ್ಟು ಸಮಾಧಾನ ಮಾಡಿಕೊಳ್ಳಿ.”

“ಸಮಾಧಾನ ನಿನ್ನ ಹತ್ತಿರವೇ ಇಟ್ಟುಕೋ! ಮಗಳೆಲ್ಲಿ?”

ಪಾಠದಲ್ಲಿ ಮುದುಕ ಈ ಹೊತ್ತಿಗೆ ‘ಧನ್ಯವಾದ’ ಎನ್ನುತ್ತಿದ್ದ. ಈ ಮುದುಕ ಅನ್ನಲಿಲ್ಲ. ಮುಂದಿನ ಸಾಲು ಇರಲಿಲ್ಲ. ಯಾರೂ ಅಳೆದು ಬಿಡದ ಮೌನವೊಂದು ಇಬ್ಬರ ನಡುವೆ ಬಿದ್ದಿತ್ತು.

ಗಿಣಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ವಾರ್ಡಿನ ಏಳನೇ ಹಾಸಿಗೆಯಲ್ಲಿ ದಿನವೂ ಬೈಯುವ ಅಜ್ಜ ಕಣ್ಣ ಮುಂದೆ ಬಂದ. ಅವನಿಗೆ ಹೇಳುವುದನ್ನೇ ಇವರಿಗೂ ಹೇಳಿದಳು, ಎಡವುತ್ತ, ತಡವರಿಸುತ್ತ.

“ಮಗಳು ಇಲ್ಲಿ ಇಲ್ಲ. ನಾನು ಇದ್ದೇನೆ. ನನ್ನನ್ನು ಬೈಯಿರಿ. ಬೈದು ಆದಮೇಲೆ ಕಾಲು ಈ ಕಡೆ ಕೊಡಿ. ಹಾಸಿಗೆ ಒದ್ದೆ ಆಗಿದೆ. ಚಳಿ ಆಗುತ್ತದೆ ನಿಮಗೆ.”

ಪರೀಕ್ಷಕರು ತಲೆಯೆತ್ತಿ ಅವಳನ್ನೇ ನೋಡಿದರು. ವ್ಯಾಕರಣ ಕೆಟ್ಟಿತ್ತು, ಅವಳಿಗೂ ಗೊತ್ತಿತ್ತು.

ಆಗ ಒಮ್ಮೆ ಮೂಲೆಯ ಕಡೆ ಕಣ್ಣು ಹೋಯಿತು. ಕತ್ತರಿ ಅವಳನ್ನೇ ನೋಡುತ್ತಿದ್ದ. ಅವನ ತುಟಿಗಳು ಅಲುಗುತ್ತಿರಲಿಲ್ಲ. ಅವಳು ಮುಂದೇನು ಹೇಳುತ್ತಾಳೆಂದು ಅವನಿಗೂ ಗೊತ್ತಿರಲಿಲ್ಲ.

*

ವಾರದ ನಂತರ ಕಾರಿಡಾರಿನ ಗೋಡೆಗೆ ಪಾಸಾದವರ ಪಟ್ಟಿ ಅಂಟಿಸಿದರು. ಅವಳ ಸಂಖ್ಯೆ ಕೊನೆಯಿಂದ ಎರಡನೆಯದು. ಆದರೆ ಇತ್ತು. ಹೊರಡಲು ಒಂದು ತಿಂಗಳು.

ಕುಣಿಯಬೇಕಾಗಿತ್ತು. ಅವಳು ಬೆಂಚಿನ ಮೇಲೆ ಕೂತುಬಿಟ್ಟಳು.

ಕತ್ತರಿ ವಯರಿನ ಸುರುಳಿ ಹಿಡಿದು ಬಂದು ಒಂದು ಮೊಳ ದೂರದಲ್ಲಿ ಕೂತ.

“ಆರು ಪಾಠ ಬಚ್ಚಿಟ್ಟೆ. ತಪ್ಪು,” ಅಂದ.

“ತಪ್ಪೇ.”

ಪರವಾಗಿಲ್ಲ ಎಂಬ ಮಾತನ್ನು ಅವಳು ಆಡಲಿಲ್ಲ. ಅವನೂ ಕಾಯಲಿಲ್ಲ.

“ಇನ್ನೊಂದು ಕೊಡೋದಿದೆ.”

“ಮೂವತ್ತೂ ಬಂದಿವೆಯಲ್ಲ.”

“ಇದು ಮೂವತ್ತೊಂದು.”

ಅವನು ಆ ಪಾಠವನ್ನು ಅವಳ ಫೋನಿಗೆ ಹಾಕಿ, ಇಯರ್‌ಫೋನು ಚಾಚಿದ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ, ಆಮೇಲೆ ಕಿವಿಗೆ ಇಟ್ಟುಕೊಂಡಳು.

ಅವನದೇ ಧ್ವನಿ. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಊರವರ ಕೆಮ್ಮನ್ನೆಲ್ಲ ಕತ್ತರಿಸುವವನು ತನ್ನದನ್ನು ಹಾಗೇ ಬಿಟ್ಟಿದ್ದ!

‘ಮೂವತ್ತೊಂದನೇ ಪಾಠ. ಕೇಳಿ, ಉತ್ತರ ಹೇಳಿ. ...ಹೋಗ್ಬೇಡ ಅನ್ನೋಕೆ ನಂಗೆ ಹಕ್ಕಿಲ್ಲ. ಹೋಗು. ನಂಗೆ ಅಲ್ಲಿ ಕೆಲಸ ಸಿಗಲ್ಲ, ವಿಚಾರಿಸ್ದೆ. ಆದ್ರೆ ಎರಡು ವರ್ಷ ಆದ್ಮೇಲೆ ಮೇಜಿನ ಕೆಳಗೆ ವಾಪಸ್ ಹೋಗ್ಬೇಡ. ನನ್ನ ಮನೇಲಿ ಒಂದು ಕೋಣೆ ಇದೆ. ಒಳಗಡೆಯಿಂದ ಚಿಲಕ ಇದೆ. ನೀನು ತೆಗೆದ್ರೆ ಮಾತ್ರ ನಾನು ಒಳಗೆ ಬರ್ತೀನಿ. ...ಬರ್ತೀಯಾ?’

ಆಮೇಲೆ ಮೌನ.

ಅವಳು ಕಾದಳು. ಮೌನ ಮುಗಿಯಲಿಲ್ಲ. ಕಾರಿಡಾರಿನಲ್ಲಿ ಯಾರೋ ನಕ್ಕು ಹೋದರು, ಯಾರೋ ಅಳುತ್ತ ಹೋದರು. ಕಿವಿಯೊಳಗೆ ಮಾತ್ರ ಏನೂ ಇರಲಿಲ್ಲ.

“ಎಷ್ಟು ಗ್ಯಾಪ್ ಬಿಟ್ಟಿದ್ದೀಯ?” ಅವಳ ಸ್ವರ ಒದ್ದೆಯಾಗಿತ್ತು.

“ಎರಡು ವರ್ಷದಷ್ಟು ಬಿಡೋಣ ಅಂತಿದ್ದೆ. ಫೋನಲ್ಲಿ ಹಿಡಿಸ್ಲಿಲ್ಲ. ಹಿಡಿಸಿದಷ್ಟು ಬಿಟ್ಟಿದ್ದೀನಿ.”

ಅವಳು ಅವನ ಕಡೆ ತಿರುಗಿದಳು. ಅವನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಅವಳ ಉತ್ತರವನ್ನು ಅಳೆದು ನೋಡುತ್ತಿದ್ದ, ಮತ್ತೆ ಮತ್ತೆ.

“ತುಟಿ ಮುಚ್ಚು,” ಅಂದಳು. “ಉತ್ತರ ನಾನು ಹೇಳ್ಬೇಕಾದ್ದು.”

ಅವನು ಮುಚ್ಚಿದ. ಅವಳು ಉಸಿರು ತೆಗೆದುಕೊಂಡಳು.

“ಹೂಂ. ಬರ್ತೀನಿ. ಅಷ್ಟರಲ್ಲಿ ಆ ಚಿಲಕಕ್ಕೆ ತುಕ್ಕು ಹಿಡಿಸ್ಬೇಡ.”

ಅವನು ವಯರನ್ನು ಬಿಚ್ಚಿ, ಮತ್ತೆ ಸುತ್ತಿದ. ಆಮೇಲೆ ಕೇಳಿದ, “ಹಾಗಾದ್ರೆ... ಉಳಿದ ಗ್ಯಾಪ್ ಕತ್ತರಿಸಿಬಿಡ್ಲಾ?”

ಗಿಣಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬೇಡ,” ಅಂದಳು. “ಅಲ್ಲಿ ಹೋದ್ಮೇಲೆ ಕೇಳೋಕೆ ಬೇಕು.”